ಖರೇ, ಸುಳ್ಳು ಎಂಬ ಎರಡು ಬಟನ್

ಹೋದ ವಾರ ಧಾರವಾಡದಲ್ಲಿ ಒಂದು ಅಂಗಡಿಗೆ ಪ್ರಿಂಟರ್ ಜೋಡಿಸಿ ಹೊರಗೆ ಬಂದೆ. ಪಕ್ಕದಲ್ಲೇ ಹಿಟ್ಟಿನ ಗಿರಣಿ. ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಬಿಸಿ ವಾಸನೆ ಮುಖಕ್ಕೆ ಬಂತು. ಬೇರೆಯವರಿಗೆ ಆ ವಾಸನೆಗೆ ಹಸಿವಾಗಬಹುದು. ನಾನು ಬೇಗ ಬೇಗ ಗಾಡಿ ಶುರು ಮಾಡಿ ಅಲ್ಲಿಂದ ಹೊರಟೆ. ನಾಲ್ಕು ವರ್ಷದ ಹಿಂದಿನ ಒಂದು ಬೇಸಿಗೆ ಪೂರ್ತಿ ನನಗೆ ಆ ವಾಸನೆಯಲ್ಲೇ ಇದೆ. ಯಾರಿಗೂ ಸರಿಯಾಗಿ ಹೇಳಿಲ್ಲ. ಈಗ ಹೇಳುತ್ತೇನೆ, ಮಾತಾಡಿದ ಹಾಗೆ ಟೈಪ್ ಮಾಡುತ್ತೇನೆ, ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ನಾನು ಕಂಪ್ಯೂಟರ್ ಕಲಿತದ್ದು ಕಾಲೇಜಿನಲ್ಲಿ ಅಲ್ಲ. ಹುಬ್ಬಳ್ಳಿಯಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ವಿಡಿಯೋ ನೋಡಿ ನೋಡಿ, ತಪ್ಪು ಮಾಡಿ ಮಾಡಿ ವೆಬ್‌ಸೈಟ್ ಕಟ್ಟುವುದು ಕಲಿತೆ. ಮೊದಲು ಕಟ್ಟಿದ ನಾಲ್ಕೈದನ್ನು ನನ್ನ ಬಿಟ್ಟು ಯಾರೂ ನೋಡಲಿಲ್ಲ. ಜನ ನಿಜವಾಗಿ ಬಳಸಿದ್ದು ಒಂದನ್ನು. ಅದರ ಹೆಸರು ‘ನೀರು ಬಂತೇನ್ರಿ’.

ನಮ್ಮೂರವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಆ ದಿನಗಳಲ್ಲಿ ನಮ್ಮ ಕಡೆ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ವಾರಕ್ಕೊಮ್ಮೆ, ಕೆಲವು ಕಡೆ ಎಂಟು ದಿನಕ್ಕೆ. ಯಾವ ದಿನ, ಎಷ್ಟೊತ್ತಿಗೆ ಅಂತ ಖಾತ್ರಿ ಇಲ್ಲ. ಮನೆಯಲ್ಲಿ ಒಬ್ಬರು ಕಾಯಲೇಬೇಕು. ಮದುವೆಗೆ ಹೋಗುವುದಿದ್ದರೂ ‘ಇವತ್ತ ನೀರಿನ ಪಾಳಿ ಐತಿ’ ಅಂತ ಒಬ್ಬರು ಉಳಿದುಕೊಳ್ಳುತ್ತಿದ್ದರು. ಅತ್ತ ಓಣಿಯಲ್ಲಿರುವ ತಂಗಿಗೆ ಇತ್ತ ಓಣಿಯ ಅಕ್ಕ ಫೋನ್ ಮಾಡಿದರೆ ಮೊದಲ ಮಾತು ಅದೇ, ನೀರು ಬಂತೇನು. ಆ ಫೋನನ್ನೇ ನಾನು ಪುಟ ಮಾಡಿದೆ. ನಿಮ್ಮ ಓಣಿಯ ಹೆಸರು ಹಾಕಿ, ನೀರು ಬಂದಿದ್ದರೆ ಬಂತು ಅನ್ನಿ, ಬಾರದಿದ್ದರೆ ದೂರು ಬರೆಯಿರಿ. ಅಷ್ಟೇ.

ಒಂದು ತಿಂಗಳಲ್ಲಿ ಜನ ತುಂಬಿಕೊಂಡರು. ಜನ ತುಂಬಿದಲ್ಲಿ ಸುಳ್ಳೂ ತುಂಬಿತು. ಒಬ್ಬ ಟ್ಯಾಂಕರ್ ಮಾಲಕ ‘ಇನ್ನು ಹದಿನೈದು ದಿನ ನೀರಿಲ್ಲ’ ಅಂತ ಬರೆದು ತನ್ನ ನಂಬರು ಕೊಡುತ್ತಿದ್ದ. ಕೆಲವರು ಬೈಗುಳ ಬರೆಯುತ್ತಿದ್ದರು. ಇದನ್ನು ತೆಗಿ, ಅದನ್ನು ತೆಗಿ ಅಂತ ದಿನಕ್ಕೆ ಇಪ್ಪತ್ತು ಫೋನ್. ತೆಗೆಯಲಿಕ್ಕೆ ನಾನ್ಯಾರು? ನನಗೆ ಇಪ್ಪತ್ತೊಂದು ವರ್ಷ. ಆಗ ಒಂದು ವಿಡಿಯೋದಲ್ಲಿ ನೋಡಿದೆ, ದೊಡ್ಡ ದೊಡ್ಡ ಸೈಟ್‌ಗಳಲ್ಲಿ ಓದುಗರೇ ಒಬ್ಬರ ಮಾತಿಗೆ ಒಬ್ಬರು ಅಂಕ ಕೊಡುತ್ತಾರೆ, ಕಡಿಮೆ ಅಂಕದ್ದು ತಾನೇ ಮುಚ್ಚಿಕೊಳ್ಳುತ್ತದೆ, ಮಾಲಕ ಕೈ ಹಾಕುವುದಿಲ್ಲ. ಅವತ್ತು ಊಟ ಮಾಡುವುದು ಮರೆತೆ. ನ್ಯಾಯ ಅಂದರೆ ಇದೇ ಅನ್ನಿಸಿತು.

ಪ್ರತಿ ಮಾತಿನ ಕೆಳಗೆ ಎರಡು ಬಟನ್ ಇಟ್ಟೆ. ಒಂದು ‘ಖರೇ’, ಒಂದು ‘ಸುಳ್ಳು’. ಖರೇಗಿಂತ ಸುಳ್ಳು ಏಳು ಹೆಚ್ಚಾದರೆ ಆ ಮಾತು ಮಡಚಿಕೊಳ್ಳುತ್ತದೆ, ‘ಓದುಗರು ಇದನ್ನು ಸುಳ್ಳು ಎಂದಿದ್ದಾರೆ’ ಅಂತ ಒಂದು ಬೂದು ಗೆರೆ ಮಾತ್ರ ಕಾಣುತ್ತದೆ. ಒಬ್ಬರ ಮಾತು ಮೂರು ಸಲ ಮಡಚಿದರೆ ಆಮೇಲೆ ಅವರು ಬರೆದದ್ದೆಲ್ಲಾ ಹುಟ್ಟುತ್ತಲೇ ಮಡಚಿಕೊಂಡು ಹುಟ್ಟುತ್ತದೆ, ಯಾರಾದರೂ ಖರೇ ಒತ್ತಿ ಎತ್ತುವ ತನಕ. ಟ್ಯಾಂಕರ್ ಮಾಲಕ ತನ್ನ ಆಫೀಸಿನ ಹತ್ತು ಫೋನಿನಿಂದ ತನಗೆ ತಾನೇ ಖರೇ ಒತ್ತಿಕೊಳ್ಳಲು ಶುರುಮಾಡಿದ. ಅದಕ್ಕೂ ಒಂದು ಬಲೆ ಬರೆದೆ. ಒಂದೇ ಇಂಟರ್ನೆಟ್ ಕನೆಕ್ಷನ್‌ನಿಂದ ಸ್ವಲ್ಪ ಹೊತ್ತಿನಲ್ಲಿ ಬಹಳ ಮತ ಬಿದ್ದರೆ ಅವು ಕಳ್ಳಮತ, ಲೆಕ್ಕದಿಂದ ತೆಗಿ, ಆ ದೂರಿನ ಮೇಲೆ ‘ಅನುಮಾನ’ ಅಂತ ಕೆಂಪು ಗುರುತು ಹಾಕು. ಈ ತಪಾಸಣೆ ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ, ವಾರದ ದೂರುಗಳ ಪಟ್ಟಿ ತಯಾರಾಗುವಾಗ ನಡೆಯುತ್ತಿತ್ತು. ಮಾಲಕ ಒಂದೇ ವಾರದಲ್ಲಿ ಜಾಗ ಖಾಲಿ ಮಾಡಿದ. ನಾನು ಅಂಗಡಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ.

ಪಟ್ಟಿಯ ಕಥೆ ಹೇಳಬೇಕು. ನೀರಿನ ಆಫೀಸಿನ ಒಬ್ಬ ಇಂಜಿನಿಯರ್ ಫೋನ್ ರಿಪೇರಿಗೆ ಬಂದಿದ್ದರು. ನಾನು ಬಿಡಲಿಲ್ಲ, ಪುಟ ತೆಗೆದು ತೋರಿಸಿದೆ.

“ಸರ್, ಇಲ್ಲಿ ಯಾರ ವಶೀಲಿನೂ ನಡಿಯಾಂಗಿಲ್ರಿ. ನನ್ನ ಮಾತೂ ನಂಬಬ್ಯಾಡ್ರಿ. ಮತ ಅಷ್ಟ ನೋಡ್ರಿ.”

ಅವರು ಕನ್ನಡಕ ಏರಿಸಿ ನೋಡಿದರು. “ಇದು ಬೇಷಿ ಐತಲ್ಲೋ. ನಮ್ಮ ಆಫೀಸಿಗೆ ಬಂದಾವರೆಲ್ಲಾ ನಂದ ದೊಡ್ಡ ತ್ರಾಸು ಅಂತ ಕುಂದರ್ತಾರ. ಸೋಮವಾರಕ್ಕೊಮ್ಮೆ ನನಗ ಒಂದು ಲಿಸ್ಟ್ ಬರೂ ಹಂಗ ಮಾಡು.”

ಮಾಡಿದೆ. ಪ್ರತಿ ಸೋಮವಾರ ಬೆಳಿಗ್ಗೆ ಆರಕ್ಕೆ, ಹೆಚ್ಚು ಖರೇ ಬಿದ್ದ ದೂರುಗಳ ಪಟ್ಟಿ ತಾನೇ ಅವರ ಫೋನಿಗೆ ಹೋಗುತ್ತಿತ್ತು. ಎರಡು ಕಡೆ ವಾಲ್ವ್ ಸರಿಹೋಯಿತು. ನಾನು ರಸ್ತೆಯಲ್ಲಿ ನಡೆಯುವಾಗ ಎದೆ ಸ್ವಲ್ಪ ಮುಂದೆ ಇರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಬೇಸಿಗೆ ಕಾವೇರಿತ್ತು. ಮಧ್ಯಾಹ್ನ ಅಂಗಡಿಯ ಶಟರ್ ಮುಟ್ಟಿದರೆ ಕೈ ಸುಡುತ್ತಿತ್ತು. ಅಂಥ ಒಂದು ಮಧ್ಯಾಹ್ನ ಐವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು ಬಂದು ಫೋನನ್ನು ಕೌಂಟರ್ ಮೇಲೆ ಇಟ್ಟರು. ಸೆರಗಿನ ತುಂಬ ಹಿಟ್ಟು.

“ನೋಡಪಾ ತಮ್ಮಾ, ಇದು ಕೆಟ್ಟೈತಿ. ನಾ ಬರದದ್ದು ನನಗ ಕಾಣವಲ್ದು.”

ನೋಡಿದರೆ ನನ್ನದೇ ಪುಟ. ಹೆಸರು ನೀಲವ್ವ. ಉಣಕಲ್ ಕೆರೆಯ ಮೇಲ್ಗಡೆ, ದಿಬ್ಬದ ಮೇಲಿನ ಒಂದು ಸಣ್ಣ ಓಣಿ. ಬರೆದದ್ದು ಮೂರು, ಮೂರೂ ಒಂದೇ ಮಾತು: ನಮ್ಮ ಓಣಿಗೆ ಈ ವಾರನೂ ನೀರು ಏರಲಿಲ್ಲ. ಮೂರೂ ಮಡಚಿದ್ದವು.

“ಫೋನ್ ಛಲೋ ಐತ್ರಿ ಅವ್ವಾರ. ಓದೂ ಮಂದಿ ಸುಳ್ಳು ಅಂತ ಒತ್ಯಾರ, ಅದಕ್ಕ ಮುಚ್ಚೈತಿ.”

“ಯಾವ ಮಂದಿ?”

“ಎಲ್ಲಾರೂ ರಿ.”

ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. “ಅಲ್ಲೋ ತಮ್ಮಾ, ನಮ್ಮ ಮನಿ ಕೊಡ ಖಾಲಿ ಐತಿ ಅನ್ನೂದು ಸುಳ್ಳು ಅನ್ನಾಕ, ಅವರು ಬಂದು ಕೊಡ ಬಗ್ಗಿ ನೋಡ್ಯಾರೇನು?”

ನಾನು ಫೋನ್ ಅವರ ಕೈಗೆ ವಾಪಸ್ ಕೊಟ್ಟೆ. ಆದರೆ ಸಿಸ್ಟಂ ಮೇಲೆ ನನಗಿದ್ದ ನಂಬಿಕೆ ಎಂಥದು ಅಂದರೆ, ಅವರೇ ಏನೋ ತಪ್ಪು ಬರೆದಿರಬೇಕು ಅಂತ ನೋಡಲಿಕ್ಕೆ ಮರುದಿನ ದಿಬ್ಬದ ಓಣಿಗೆ ಹೋದೆ.

ಮೂವತ್ತು ಮನೆ ಇರಬಹುದು. ನಲ್ಲಿಗಳ ಬಾಯಿಗೆ ಬಟ್ಟೆ ಸುತ್ತಿದ್ದರು, ಓತಿಕ್ಯಾತ ಹೊಕ್ಕೀತು ಅಂತ. ಅಷ್ಟು ದಿನ ಒಣಗಿದ್ದವು. ನೀಲವ್ವನ ಮನೆಯ ಹಿತ್ತಲಲ್ಲಿ ಮೂರು ಒಲೆ. ಅವರು, ಜೊತೆಗೆ ಓಣಿಯ ಇಬ್ಬರು ಹೆಣ್ಣುಮಕ್ಕಳು, ಧಾರವಾಡದ ಒಂದು ಖಾನಾವಳಿಗೆ ದಿನಾ ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದರು. ರೊಟ್ಟಿಗೆ ಮೊದಲು ಬೇಕಾದ್ದು ಎಸರಿನ ನೀರು. ಆ ನೀರನ್ನು ದಿಬ್ಬದ ಬುಡದ ಬೋರಿನಿಂದ ಹೊತ್ತು ತರುತ್ತಿದ್ದರು, ಒಬ್ಬೊಬ್ಬರು ಹತ್ತು ಸಲ. ಬೋರಿನ ನೀರು ಸವಳು, ಬಾಯಿಗೆ ಉಪ್ಪುಪ್ಪು. ರೊಟ್ಟಿ ಬಿರಿಯುತ್ತವೆ ಅಂತ ಖಾನಾವಳಿಯವರು ಎರಡು ಸಲ ವಾಪಸ್ ಕಳಿಸಿದ್ದರು.

“ಈ ಮಳಿಗಾಲಕ್ಕ ನಲ್ಲ್ಯಾಗ ನೀರು ಬರಲಿಲ್ಲ ಅಂದ್ರ ಒಲಿ ಆರಸೂದ ಸೈ,” ಅಂದರು ನೀಲವ್ವ. “ನಾ ಹೆಂಗರ ಮಾಡೇನು, ಈ ಇಬ್ಬರು ಎಲ್ಲಿ ಹೋಗಬೇಕು?”

ಕಾರಣ ನೋಡಿದರೆ ಗೊತ್ತಾಗುತ್ತದೆ. ದಿಬ್ಬದ ಕೆಳಗೆ ಒಂದು ಹೊಸ ಲೇಔಟ್. ಒಂದೇ ಪೈಪು, ಒಂದೇ ವಾಲ್ವ್. ನೀರು ಬಿಟ್ಟ ತಕ್ಷಣ ಲೇಔಟಿನ ಮನೆಗಳು ಪೈಪಿಗೆ ಮೋಟಾರ್ ಹಚ್ಚಿ ಎಳೆಯುತ್ತವೆ. ಅವರ ನೆಲದಡಿಯ ಸಂಪು ತುಂಬುತ್ತವೆ. ದಿಬ್ಬಕ್ಕೆ ಗಾಳಿ ಮಾತ್ರ ಏರುತ್ತದೆ. ಲೇಔಟಿನವರು ಪುಟ ತೆರೆದಾಗ ನೀಲವ್ವನ ಮಾತು ಕಾಣುತ್ತದೆ, ನೀರು ಬಂದಿಲ್ಲ. ಅವರ ಸಂಪು ತುಂಬಿದೆ. ಒತ್ತುತ್ತಾರೆ, ಸುಳ್ಳು.

ಹಾಗೆ ಒತ್ತಿದವರಲ್ಲಿ ಒಬ್ಬರು ದೇಸಾಯಿ ಸರ್, ನಮ್ಮ ಅಂಗಡಿಯ ಗಿರಾಕಿ, ನಿವೃತ್ತ ಮಾಸ್ತರರು. ಅವರ ಮನೆಗೂ ಹೋದೆ. ಕೂಡಿಸಿ ಚಹಾ ಕೊಟ್ಟರು.

“ಒತ್ತೀನಪಾ, ಯಾಕ ಮುಚ್ಚಿಡ್ಲಿ? ನಮ್ಮ ಸಂಪು ತುಂಬ್ಯದ, ಅವರದೂ ಅದ ಲೈನು. ಬಂದಿಲ್ಲಂದ್ರ ಸುಳ್ಳಲ್ಲೇನು?”

“ನಿಮ್ಮ ಕಡೆ ಮೋಟಾರ್ ಎಳೀತಾವಲ್ರಿ ಸರ್.”

“ಎಲ್ಲಾರೂ ಹಚ್ಚ್ಯಾರ, ನಾನೂ ಹಚ್ಚೀನಿ. ಮತ್ತ ನೀನ ಅಲ್ಲಿ ಬರದೀಯಲ್ಲ, ನಿಮಗೆ ಗೊತ್ತಿದ್ದನ್ನು ಒತ್ತಿರಿ ಅಂತ. ನನಗ ಗೊತ್ತಿದ್ದದ್ದು ನಾ ಒತ್ತೀನಿ. ಇದರಾಗ ನನ್ನ ತಪ್ಪೇನದ ಹೇಳು.”

ತಪ್ಪೇನೂ ಇರಲಿಲ್ಲ. ಅದೇ ತೊಂದರೆ. ಒಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಎಲ್ಲರೂ ಸೇರಿ ಒಂದು ಖರೇ ಮಾತನ್ನು ಸುಳ್ಳು ಮಾಡಿದ್ದರು.

ಆದರೂ ಮೂವತ್ತು ಮನೆಯವರು ಖರೇ ಒತ್ತಿದ್ದರೆ ಏಳು ಸುಳ್ಳು ಏನೂ ಮಾಡುತ್ತಿರಲಿಲ್ಲ. ಯಾಕೆ ಒತ್ತಲಿಲ್ಲ? ದಿಬ್ಬದ ಮೇಲಿನ ಗಿರಣಿಯ ಮಾಬೂಸಾಬ ಕಾಕಾನನ್ನು ಕೇಳಿದೆ. ಅವರ ಹತ್ತಿರ ದೊಡ್ಡ ಫೋನಿತ್ತು, ಪುಟವನ್ನು ದಿನಾ ನೋಡುತ್ತಿದ್ದರು.

“ಅಕ್ಕಾರು ಬರದಾರಲ್ಲ,” ಅಂದರು ಕಾಕಾ, ನಾನು ಏನೋ ಹುಚ್ಚು ಪ್ರಶ್ನೆ ಕೇಳಿದ ಹಾಗೆ. “ಹಿರ್ಯಾರು ಒಮ್ಮೆ ಹೇಳಿದ ಮ್ಯಾಲ ನಾವು ಮತ್ತ ಹೌದು ಹೌದು ಅಂತ ಬಾಯಿ ಹಾಕಿದ್ರ ಚಂದ ಕಾಣ್ತೈತೇನು? ಅವರ ಮಾತಿಗೆ ಸಾಕ್ಷಿ ಬೇಕಂದಂಗ ಆತು.”

ಆ ಓಣಿಯ ಪದ್ಧತಿ ಅದು. ಮಾಬೂಸಾಬ ಕಾಕಾನಿಗಿಂತ ನೀಲವ್ವ ನಾಲ್ಕು ವರ್ಷ ದೊಡ್ಡವರು. ಓಣಿಯ ಪರವಾಗಿ ಕಾರ್ಪೊರೇಟರ್ ಹತ್ತಿರ ಮಾತಾಡುವುದಾದರೂ, ಕರೆಂಟಿನವರ ಹತ್ತಿರ ಜಗಳವಾದರೂ ಅವರೊಬ್ಬರೇ ಬಾಯಿ ತೆರೆಯುತ್ತಿದ್ದರು, ಉಳಿದವರು ಹಿಂದೆ ನಿಲ್ಲುತ್ತಿದ್ದರು. ಅವರ ಒಂದು ಮಾತು ಅಂದರೆ ಮೂವತ್ತು ಮನೆಯ ಮಾತು. ನನ್ನ ಯಂತ್ರ ಅದನ್ನು ಒಂದು ಅಂತ ಎಣಿಸಿತ್ತು. ಲೇಔಟಿನಲ್ಲಿ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ, ಅದಕ್ಕೇ ಪ್ರತಿಯೊಬ್ಬರೂ ಬೇರೆಬೇರೆ ಒತ್ತುತ್ತಿದ್ದರು.

ಆಗ ನಾನೇ ಕೈಯಿಂದ ನೀಲವ್ವನ ಮಾತು ಬಿಡಿಸಿಡಬಹುದಿತ್ತು. ಎರಡು ನಿಮಿಷದ ಕೆಲಸ. ಮಾಡಲಿಲ್ಲ. ನನ್ನ ಕೈ ಒಳಗೆ ಬಂತೆಂದರೆ ನ್ಯಾಯ ಹೊರಗೆ ಹೋಯಿತು ಅಂತ ಹಟ. ಆ ಹಟವನ್ನು ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮೇ ತಿಂಗಳ ಕೊನೆಗೆ ಇಂಜಿನಿಯರ್ ಒಂದು ಮಾತು ಹೇಳಿದರು. ದೊಡ್ಡ ರಸ್ತೆಯಲ್ಲಿ ಹೊಸ ಪೈಪು ಹಾಕಿದ್ದಾರೆ, ಅದರಿಂದ ನೇರವಾಗಿ ಒಂದು ಓಣಿಗೆ ಕೂಡಿಸಿ ಕೊಡಬಹುದು.

“ಒಂದ ಕಡೆ ಆಗ್ತೈತಿ ನೋಡು. ಮಳಿ ಹಿಡಿಯೂದ್ರಾಗ ಅಗದು ಮುಚ್ಚಬೇಕು, ಆಮ್ಯಾಲ ಡಾಂಬರ್ ಹಾಕ್ತಾರ. ಡಾಂಬರ್ ಬಿತ್ತಂದ್ರ ಐದು ವರ್ಷ ಯಾರೂ ಕೈ ಹಚ್ಚಂಗಿಲ್ಲ. ಬರೂ ಸೋಮವಾರ ನಿನ್ನ ಲಿಸ್ಟ್‌ನ್ಯಾಗ ಯಾವುದು ಮ್ಯಾಲಿರ್ತೈತಿ, ಅಲ್ಲಿ ಅಗಸ್ತೇನಿ.”

ನಾನು ಭಾನುವಾರ ಮಧ್ಯಾಹ್ನ ದಿಬ್ಬಕ್ಕೆ ಓಡಿದೆ. ನೀಲವ್ವನ ಮುಂದೆ ಕೂತು ಎಲ್ಲಾ ಬಿಡಿಸಿ ಹೇಳಿದೆ. ಅವರು ಕೈಗೆ ಹತ್ತಿದ ಹಿಟ್ಟು ಉಜ್ಜಿಕೊಳ್ಳುತ್ತಾ ಕೂತರು. ತಮ್ಮ ಮಾತಿಗೆ ಬೆಂಬಲ ಕೊಡಿರಿ ಅಂತ ಮನೆ ಮನೆಗೆ ಹೇಳುವುದು ಅವರಿಗೆ ಎಂಥ ಕೆಲಸ ಅಂತ ಅವತ್ತು ನನಗೆ ತಿಳಿಯಲಿಲ್ಲ. ಕೊನೆಗೆ ಎದ್ದರು. “ನಡಿ. ನೀರಿಗೆ ನಾಚಿಕಿ ಏನು?”

ಎಲ್ಲರೂ ಸೇರುವ ಜಾಗ ಗಿರಣಿ. ಭಾನುವಾರ ವಾರದ ಜೋಳ ಬೀಸಿಸಲು ಬಂದೇ ಬರುತ್ತಾರೆ. ಮಾಬೂಸಾಬ ಕಾಕಾ ಮಗಳ ಓದಿಗೆ ಅಂತ ವೈಫೈ ಹಾಕಿಸಿದ್ದರು, ಪಾಸ್‌ವರ್ಡ್ ಓಣಿಗೆಲ್ಲಾ ಗೊತ್ತು. ಗಿರಣಿಯ ಕಟ್ಟೆಯ ಮೇಲೆ ಸಾಲಾಗಿ ಕೂಡಿಸಿದೆ. ಒಬ್ಬೊಬ್ಬರ ಫೋನು ಹಿಡಿದು ಖಾತೆ ತೆರೆದುಕೊಟ್ಟೆ. ಹಿಟ್ಟು ಗಾಳಿಯಲ್ಲಿ ಹಾರಿ ಎಲ್ಲರ ರೆಪ್ಪೆ ಬೆಳ್ಳಗಾಗಿತ್ತು.

“ಖರೇ ಅಂದ್ರ ಇದ ಹೌದಲ್ಲೋ ತಮ್ಮಾ? ಮತ್ತ ಸುಳ್ಳು ಒತ್ತಿ ಅಕ್ಕಾರ ಕೈಲೆ ಬೈಸಿಕೊಂಡೇನು,” ಅಂದಳು ರೊಟ್ಟಿ ಬಡಿಯುವ ಒಬ್ಬಳು.

“ನಿನ್ನ ಬೆರಳು ದಪ್ಪ ಅದಾವ, ಎರಡೂ ಒತ್ತೀ,” ಅಂದಳು ಇನ್ನೊಬ್ಬಳು. ಕಟ್ಟೆ ಪೂರ್ತಿ ನಕ್ಕಿತು. ನೀಲವ್ವನೂ ನಕ್ಕರು.

ಅರ್ಧ ಗಂಟೆಯಲ್ಲಿ ಇಪ್ಪತ್ತಾರು ಖರೇ. ಬೂದು ಗೆರೆ ಹೋಗಿ ಮಾತು ಬಿಚ್ಚಿಕೊಂಡಿತು. ನೀಲವ್ವ ಫೋನನ್ನು ಸೆರಗಿನಿಂದ ಒರೆಸಿ ತಮ್ಮ ಮಾತನ್ನು ತಾವೇ ಗಟ್ಟಿಯಾಗಿ ಓದಿದರು. ಮಾಬೂಸಾಬ ಕಾಕಾ ಗಿರಣಿ ನಿಲ್ಲಿಸಿ ಎಲ್ಲರಿಗೂ ಚುರುಮುರಿ ತರಿಸಿದರು. ನನ್ನ ಜೀವನದಲ್ಲಿ ಅಂಥ ಮಧ್ಯಾಹ್ನ ಮತ್ತೊಂದಿಲ್ಲ.

ನೀವು ಆಗಲೇ ಕಂಡುಕೊಂಡಿರುತ್ತೀರಿ. ನಾನು ಕಾಣಲಿಲ್ಲ. ನಾನೇ ಬರೆದ ಬಲೆ, ನಾನೇ ಮರೆತಿದ್ದೆ. ಇಪ್ಪತ್ತಾರು ಜನ, ಒಂದೇ ವೈಫೈ, ಅರ್ಧ ಗಂಟೆ.

ಸೋಮವಾರ ಒಂಬತ್ತಕ್ಕೆ ಅಂಗಡಿಗೆ ಬಂದು ಪಟ್ಟಿ ತೆಗೆದೆ. ಮೇಲಿದ್ದದ್ದು ಲೇಔಟಿನ ಹಿಂದಿನ ಕ್ರಾಸು: ‘ಪ್ರೆಶರ್ ಕಡಿಮೆ, ಸಂಪು ತುಂಬಲು ಮೂರು ತಾಸು ಹಿಡಿಯುತ್ತದೆ.’ ದಿಬ್ಬದ ಓಣಿ ಕಟ್ಟಕಡೆಗೆ ಇತ್ತು. ಖರೇ ಸೊನ್ನೆ. ಪಕ್ಕದಲ್ಲಿ ಕೆಂಪು ಗುರುತು, ಅನುಮಾನ.

ಗಾಡಿ ತೆಗೆದುಕೊಂಡು ಆಫೀಸಿಗೆ ಹೋದೆ. ಇಂಜಿನಿಯರ್ ಹೊರಡುವುದರಲ್ಲಿದ್ದರು.

“ಸರ್, ಅದು ನನ್ನ ತಪ್ಪುರಿ. ಅವರು ಖರೇ ಮಂದಿ. ನಾನ ಮುಂದ ನಿಂತು ಒತ್ತಿಸೇನಿ.”

“ನೀ ಮುಂದ ನಿಂತು ಒತ್ತಿಸಿದಿ?” ಅವರು ನಕ್ಕರು, ಒಳ್ಳೆಯ ನಗು ಅಲ್ಲ. “ಮತ್ತ ನಿನ್ನ ಮಷೀನು ಅನುಮಾನ ಅಂದದ್ದು ಬರೋಬರಿ ಐತಲ್ಲಪಾ.”

“ಒಮ್ಮೆ ಬಂದು ನೋಡ್ರಿ ಸರ್. ನಲ್ಲಿಗೆ ಬಟ್ಟಿ ಸುತ್ತ್ಯಾರ.”

“ನಾ ಬಂದು ನೋಡಿ ಕೊಟ್ನಿ ಅಂದ್ರ, ಲೇಔಟಿನ ಮಂದಿ ನಾಳೆ ನನ್ನ ಟೇಬಲ್ ಮುಂದ ಕುಂದರ್ತಾರ, ನಮ್ಮ ಮತ ಮ್ಯಾಲಿದ್ದು ಅವರಿಗ್ಯಾಕ ಕೊಟ್ರಿ ಅಂತ. ಏನಂತ ಹೇಳ್ಲಿ? ಆ ಹುಡುಗ ಬಂದು ಹೇಳಿದ ಅಂತ ಹೇಳ್ಲೇನು? ನನ್ನ ಮಾತೂ ನಂಬಬ್ಯಾಡ್ರಿ, ಮತ ಅಷ್ಟ ನೋಡ್ರಿ ಅಂದಾವ ಯಾರು?”

ಬುಧವಾರ ಲೇಔಟಿನ ಹಿಂದಿನ ಕ್ರಾಸಿನಲ್ಲಿ ಅಗೆದರು. ಒಂದೇ ದಿನದಲ್ಲಿ ಮುಗಿಯಿತು. ಮರುವಾರ ಮಳೆ ಹಿಡಿಯಿತು, ನಾಲ್ಕು ದಿನ ಬಿಟ್ಟುಬಿಡದೆ. ದಿಬ್ಬದ ಓಣಿಯವರು ಸೂರಿನ ಕೆಳಗೆ ಬಕೆಟ್ಟು, ಪಾತ್ರೆ, ಕೊಪ್ಪರಿಗೆ ಇಟ್ಟು ಹಿಡಿದುಕೊಂಡರು. ಮಳೆ ಬಿಟ್ಟು ಹೊಳವಾದ ಮೇಲೆ ದೊಡ್ಡ ರಸ್ತೆಗೆ ಡಾಂಬರು ಬಿತ್ತು.

ನಾನು ಸುಮ್ಮನೆ ಕೂಡಲಿಲ್ಲ. ಆ ಮಳೆಗಾಲ ಪೂರ್ತಿ ನಿಯಮ ಬದಲಿಸುತ್ತಾ ಹೋದೆ. ಕನೆಕ್ಷನ್ ಬಲೆ ತೆಗೆದೆ, ಟ್ಯಾಂಕರ್ ಮಾಲಕ ಮೂರನೇ ದಿನ ವಾಪಸ್ ಬಂದ. ಒಂದು ಓಣಿಯ ಮಾತಿಗೆ ಅದೇ ಓಣಿಯವರು ಮಾತ್ರ ಒತ್ತಬೇಕು ಅಂತ ಮಾಡಿದೆ, ಲೇಔಟಿನವರು ತಾವೂ ದಿಬ್ಬದವರು ಅಂತ ಬರೆದುಕೊಂಡರು. ಸುಳ್ಳು ಬಟನ್ ತೆಗೆದೇ ಬಿಟ್ಟೆ, ಆಗ ಪುಟದ ತುಂಬ ಬೈಗುಳ. ಹೊಲಿಗೆ ಹಾಕಿದ ಕಡೆ ಬಿಟ್ಟು ಪಕ್ಕದಲ್ಲಿ ಹರಿಯುತ್ತಿತ್ತು. ಕೊನೆಗೆ, ಬಹಳ ತಡವಾಗಿ, ಆ ಇಪ್ಪತ್ತಾರು ಖರೇಗಳನ್ನು ಕೈಯಿಂದಲೇ ವಾಪಸ್ ಕೂಡಿಸಿದೆ. ಕೆಂಪು ಗುರುತು ತೆಗೆದೆ. ಅದನ್ನು ತೋರಿಸಲು ನೀಲವ್ವನ ಮನೆಗೆ ಹೋದರೆ ಬೀಗ.

“ಒಲಿ ಕೆಡವಿದ್ರು,” ಅಂದರು ಮಾಬೂಸಾಬ ಕಾಕಾ. “ಧಾರವಾಡಕ್ಕ ಹೋಗ್ತಾರ, ಅದ ಖಾನಾವಳ್ಯಾಗ ನಿಂತು ಬಡೀತಾರ. ಆ ಇಬ್ಬರು ಹುಡಗ್ಯಾರಿಗೆ ಅಲ್ಲಿ ಜಾಗಾ ಇಲ್ಲಂತ. ಇನ್ನೊಂದು ಹೇಳ್ಲೇನು? ಮೊನ್ನೆ ಕಾರ್ಪೊರೇಟರ್ ಬಂದಿದ್ದ. ಎಲ್ಲಾರೂ ಅಕ್ಕಾರ ಕಡೆ ನೋಡಿದ್ವಿ. ಅಕ್ಕಾರು ಬಾಯಿ ಬಿಡಲಿಲ್ಲ. ಮತ್ತ ನಾವು ಎಲ್ಲಾರೂ ಕೂಡಿ ಮಾತಾಡಿದ್ವಿ, ಅವಂಗ ಯಾರದೂ ತಿಳೀಲಿಲ್ಲ, ಹೋದ.”

ಖಾನಾವಳಿಯ ಹಿತ್ತಲಲ್ಲಿ ಸಿಕ್ಕರು. ಒಬ್ಬರೇ, ಒಲೆಯ ಮುಂದೆ. ಪಕ್ಕದಲ್ಲಿ ನಲ್ಲಿ ಹನಿಯುತ್ತಿತ್ತು. ನಾನು ಫೋನ್ ಮುಂದೆ ಹಿಡಿದೆ. ನೋಡ್ರಿ ಅವ್ವಾರ, ಇಪ್ಪತ್ತಾರು ಖರೇ, ಎಲ್ಲಕ್ಕಿಂತ ಮ್ಯಾಲ ಐತಿ.

ಅವರು ರೊಟ್ಟಿ ತಿರುವಿ ಹಾಕಿದರು. “ಇದರ ಮ್ಯಾಲ ಈಗ ಅಗೀತಾರೇನು?”

“ಇಲ್ರಿ. ಡಾಂಬರ್ ಬಿದ್ದೈತಿ.”

“ಹಂಗಾರ ತಗದುಬಿಡು.”

“ಇದು ಖರೇ ಅಂತ ಆಗೈತ್ರಿ ಈಗ.”

“ಅದು ಖರೇ ಅಂತ ನನಗ ಮೊದಲ ಗೊತ್ತಿತ್ತಲ್ಲೋ. ನನ್ನ ಹೆಸರಿನ ಮುಂದ ಸುಳ್ಳು ಅಂತ ಇದ್ದದ್ದು ಈ ಖಾನಾವಳಿಯವರೂ ನೋಡ್ಯಾರ, ಲೇಔಟಿನವರೂ ನೋಡ್ಯಾರ. ಓಣಿ ಮಂದಿ ನನ್ನ ಸಲುವಾಗಿ ಸಾಲಾಗಿ ಕುಂತು ಒತ್ತಿದ್ರು, ಅವರನ್ನೂ ನಿನ್ನ ಮಷೀನು ಕಳ್ಳರು ಅಂತು. ಸಾಕು. ತಗಿ.”

“ತಗದ್ರ ನೀವು ಬರದದ್ದೆಲ್ಲಾ ಹೋಗ್ತೈತ್ರಿ. ಏನೂ ಉಳಿಯಂಗಿಲ್ಲ.”

“ಉಳದು ಏನ್ ಮಾಡ್ತೈತಿ?”

ಬಿಟ್ಟು ಹೋಗುವವರು ತಮ್ಮ ಮಾತನ್ನೂ ತೆಗೆದುಕೊಂಡು ಹೋಗಲಿ ಅಂತ ನಾನೇ ಮಾಡಿದ ನಿಯಮ. ಅದು ಮರ್ಯಾದೆ ಅನ್ನಿಸಿತ್ತು. ಅವರ ಮುಂದೆಯೇ ನಿಂತು ಖಾತೆ ಅಳಿಸಿದೆ. ಅವರು ಅದನ್ನು ನೋಡಲಿಲ್ಲ, ಮುಂದಿನ ಉಂಡೆ ತೆಗೆದುಕೊಂಡಿದ್ದರು. ನನಗೆ ಎರಡು ರೊಟ್ಟಿ ಕಟ್ಟಿಕೊಟ್ಟರು, ಬೇಡ ಅಂದರೂ.

ಪುಟ ಇನ್ನೂ ಇದೆ. ಬೇರೆ ಏನು ಮಾಡಬೇಕೋ ತಿಳಿಯದೆ ನಡೆಸುತ್ತಿದ್ದೇನೆ. ಈ ವರ್ಷ ಆಫೀಸಿಗೆ ಬೇರೆ ಇಂಜಿನಿಯರ್ ಬಂದಿದ್ದಾರೆ, ಚುರುಕಿನವರು. ಹಳೆಯ ದೂರುಗಳನ್ನೆಲ್ಲಾ ಓಣಿವಾರು ತೆಗೆದುಕೊಡು, ಮುಂದೆ ಎಲ್ಲಿ ಕೆಲಸ ಮಾಡಬೇಕು ನೋಡೋಣ ಅಂದರು. ತೆಗೆದುಕೊಟ್ಟೆ. ಅವರು ಬೆರಳು ಇಳಿಸುತ್ತಾ ಹೋದರು, ಒಂದು ಕಡೆ ನಿಲ್ಲಿಸಿದರು.

“ಈ ದಿಬ್ಬದ ಕಡೆ ಏನೂ ತ್ರಾಸಿಲ್ಲಲ್ಲ, ಒಂದೂ ಕಂಪ್ಲೇಂಟ್ ಇಲ್ಲ.”

“ಐತ್ರಿ ಸರ್. ಅಲ್ಲಿಗೆ ನೀರು ಏರಂಗಿಲ್ರಿ.”

“ಹೌದಾ? ಮತ್ತ ಬರೀಲಿ. ಲಿಸ್ಟ್‌ನ್ಯಾಗ ಬಂದ್ರ ನೋಡೂಣು,” ಅಂದು ಮುಂದಿನ ಓಣಿಗೆ ಹೋದರು.

ಆ ಓಣಿಯಿಂದ ಆಮೇಲೆ ಯಾರೂ ಬರೆದಿಲ್ಲ.